ಅಳತೆಗೆ ಸಿಗದ ಊರು: ‘ಬಿಗ್ ನಂಬರ್ಸ್’ ಚಿತ್ರಕಥಾ ಮಾಲೆ ನಿಂತ ಬಗೆ

ಅಲನ್ ಮೂರ್ ಬರೆದು ಬಿಲ್ ಸಿಂಕೆವಿಚ್ ಚಿತ್ರಿಸಿದ ‘ಬಿಗ್ ನಂಬರ್ಸ್’ 12 ಸಂಚಿಕೆಗಳಲ್ಲಿ ಮುಗಿಯಬೇಕಿತ್ತು. 1990ರಲ್ಲಿ ಎರಡು ಸಂಚಿಕೆಗಳು ಬಂದವು, ಮೂರನೆಯದು ಅಚ್ಚಾಗಲೇ ಇಲ್ಲ. ಕಲಾವಿದನ ಬಳಲಿಕೆ, ಹಣಕಾಸಿನ ಮುಗ್ಗಟ್ಟು ಇದಕ್ಕೆ ಕಾರಣವೆನ್ನುವುದು ರೂಢಿ. ಅವು ಸುಳ್ಳಲ್ಲ. ಆದರೆ ಮೂಲ ತೊಡಕು ಮಾಲೆಯ ಕಲ್ಪನೆಯಲ್ಲೇ ಇತ್ತೆಂದು ನನಗೆ ಅನ್ನಿಸುತ್ತದೆ.

ಕಥೆಯ ಹ್ಯಾಂಪ್ಟನ್, ಮೂರ್ ಹುಟ್ಟಿ ಬೆಳೆದ ನಾರ್ಥಾಂಪ್ಟನ್ನಿನ ಪಡಿಯಚ್ಚು. ಅಮೆರಿಕದ ಕಂಪನಿಯೊಂದು ಅಲ್ಲಿ ಶಾಪಿಂಗ್ ಮಾಲ್ ಕಟ್ಟಲು ಬರುತ್ತದೆ. ಸುಮಾರು 40 ಪಾತ್ರಗಳ ಬದುಕು ಅದರ ಸುತ್ತ ಹೆಣೆದುಕೊಳ್ಳುತ್ತದೆ. ಅತಿಮಾನುಷ ವೀರರು ಯಾರೂ ಇಲ್ಲ. ಮೊದಲ ಸಂಚಿಕೆಯಲ್ಲಿ ಲೇಖಕಿ ಕ್ರಿಸ್ಟೀನ್ ರೈಲಿನಲ್ಲಿ ತವರೂರಿಗೆ ಮರಳುತ್ತಿರುವಾಗ ಹೊರಗಿನಿಂದ ಬಂದ ಕಲ್ಲೊಂದು ಕಿಟಕಿಯ ಗಾಜನ್ನು ಒಡೆಯುತ್ತದೆ. ಆ ಬಿರುಕುಗಳ ಕವಲೊಡೆಯುವಿಕೆಯೇ ಮುಂದಿನ ಕಥನದ ನಕ್ಷೆಯೆಂದು ನಾನು ಓದಿಕೊಳ್ಳುತ್ತೇನೆ. ಮಾಲೆಗೆ ಮೊದಲು ಇಟ್ಟಿದ್ದ ಹೆಸರು ‘ದ ಮ್ಯಾಂಡೆಲ್‌ಬ್ರಾಟ್ ಸೆಟ್’.

ಬ್ರಿಟನ್ನಿನ ಕರಾವಳಿ ಎಷ್ಟು ಉದ್ದ ಎಂದು ಆ ಹೆಸರಿನ ಹಿಂದಿರುವ ಗಣಿತಜ್ಞ ಮ್ಯಾಂಡೆಲ್‌ಬ್ರಾಟ್ 1967ರಲ್ಲಿ ಕೇಳಿದ್ದರು. ಅಳತೆಗೋಲು ಚಿಕ್ಕದಾದಷ್ಟೂ ಪ್ರತಿ ಕೊಲ್ಲಿ, ಪ್ರತಿ ಬಂಡೆ ಲೆಕ್ಕಕ್ಕೆ ಬಂದು ಉದ್ದ ಬೆಳೆಯುತ್ತಲೇ ಹೋಗುತ್ತದೆ. ‘ಬಿಗ್ ನಂಬರ್ಸ್’ ಊರೊಂದನ್ನು ಇಂಥದೇ ಸಣ್ಣ ಗೋಲಿನಿಂದ ಅಳೆಯಹೊರಟಿತ್ತು. ಸಿಂಕೆವಿಚ್ ರೂಪದರ್ಶಿಗಳ ಫೋಟೊಗಳನ್ನು ಆಧರಿಸಿ ಮುಖಮುಖವನ್ನೂ ಬಣ್ಣದ ಕೆಲಸದಷ್ಟೇ ಸೂಕ್ಷ್ಮವಾಗಿ ಮೂಡಿಸಿದರು. ಮೂರ್ ಅವರದೇ ‘ವಾಚ್‌ಮೆನ್’ ಕೂಡ 12 ಸಂಚಿಕೆಗಳ ಮಾಲೆಯೇ. 1986–87ರಲ್ಲಿ ಅದು ಪೂರ್ಣಗೊಂಡಿತು. ಅಲ್ಲಿ ಡೇವ್ ಗಿಬನ್ಸ್ ಅವರ ಸ್ಪಷ್ಟ ರೇಖೆ ಎಷ್ಟು ಬಿಡಬೇಕೆಂಬುದನ್ನು ಬಲ್ಲದು. ಇಲ್ಲಿ ಬಿಡುವಂಥದ್ದು ಏನೂ ಇರಲಿಲ್ಲ. ಮೂರ್ ದೊಡ್ಡ ಹಾಳೆಯೊಂದರಲ್ಲಿ ಪ್ರತಿ ಪಾತ್ರಕ್ಕೆ ಪ್ರತಿ ಸಂಚಿಕೆಯಲ್ಲಿ ಏನಾಗುತ್ತದೆಂದು ಕಿರಿದಾದ ಅಕ್ಷರಗಳಲ್ಲಿ ತುಂಬಿಟ್ಟಿದ್ದರು. ಬರಹದಲ್ಲಿ ಒಂದು ಸಾಲಾಗಿದ್ದದ್ದು ಚಿತ್ರಕಾರನಿಗೆ ದಿನಗಟ್ಟಲೆಯ ದುಡಿಮೆ. ಹಾಗಾಗಿ ಸಿಂಕೆವಿಚ್ ಕೈಬಿಟ್ಟದ್ದನ್ನು ಅವರ ದೌರ್ಬಲ್ಯವೆಂದು ಬರೆಯುವವರ ಮಾತು ನನಗೆ ಅನ್ಯಾಯವಾಗಿ ಕಾಣುತ್ತದೆ.

ಬಳಿಕ ಪ್ರಕಟಣೆಯ ಹೊಣೆಯನ್ನು ಮೂರ್ ಅವರ ಮ್ಯಾಡ್ ಲವ್ ಸಂಸ್ಥೆಯಿಂದ ಕೆವಿನ್ ಈಸ್ಟ್‌ಮನ್ ಅವರ ಟಂಡ್ರಾ ವಹಿಸಿಕೊಂಡಿತು. ಸಿಂಕೆವಿಚ್ ಅವರ ಸಹಾಯಕರಾಗಿದ್ದ ಆಲ್ ಕೊಲಂಬಿಯಾ ಚಿತ್ರಗಳನ್ನು ಮುಂದುವರಿಸಲು ನಿಂತರು. ನಾಲ್ಕನೆಯ ಸಂಚಿಕೆಯೂ ಓದುಗರನ್ನು ಮುಟ್ಟಲಿಲ್ಲ. ಮೂರನೆಯದರ ನೆರಳಚ್ಚು ಪ್ರತಿ 2009ರಲ್ಲಿ ಹೊರಬಂತು.

ಮೂರ್ ಮಾತ್ರ ನಾರ್ಥಾಂಪ್ಟನ್ನನ್ನು ಬಿಡಲಿಲ್ಲ. ಸಾವಿರಕ್ಕೂ ಹೆಚ್ಚು ಪುಟಗಳ ‘ಜೆರುಸಲೆಮ್’ 2016ರಲ್ಲಿ ಪ್ರಕಟವಾಯಿತು. ಅದೇ ಊರು, ಅದೇ ಸಣ್ಣ ಗೋಲು. ಆದರೆ ಅದು ಕಾದಂಬರಿ, ಪ್ರತಿ ವಿವರದ ಹೊರೆಯನ್ನೂ ಬರೆದ ಕೈಯೇ ಹೊತ್ತಿತ್ತು.