ಅರಸೀಕೆರೆಯಿಂದ ಬೇಲೂರಿಗೆ: ಹಿಂದಕ್ಕೆ ಸಾಗುವ ಚರಿತ್ರೆ

ಹೊಯ್ಸಳರ ರಾಜಧಾನಿಗಳಾಗಿದ್ದ ಬೇಲೂರು, ಹಳೇಬೀಡುಗಳನ್ನು ಬದಿಗೆ ಬಿಟ್ಟು, 19ನೇ ಶತಮಾನದ ಕೊನೆಯ ಹೊತ್ತಿಗೆ ಬೆಂಗಳೂರು–ಹರಿಹರ ರೈಲುಮಾರ್ಗ ಅರಸೀಕೆರೆಯ ಮೇಲೆ ಹಾದುಹೋಯಿತು. ಮುಂದೆ ಹಾಸನದ ಮೂಲಕ ಮೈಸೂರಿನ ದಾರಿಯೂ ಕೂಡಿಕೊಂಡು ಊರು ಜಂಕ್ಷನ್ ಆಯಿತು. ಸ್ವಂತ ವಾಹನವಿಲ್ಲದವರ ಹೊಯ್ಸಳ ಯಾತ್ರೆಗೆ ಇದೂ ಒಂದು ಹೆಬ್ಬಾಗಿಲು.

ಇಲ್ಲಿಳಿದವರಿಗೆ ಜಾವಗಲ್ ಮಾರ್ಗವಾಗಿ ಹಳೇಬೀಡಿಗೆ ಬಸ್ಸಿನ ಹಾದಿಯಿದೆ; ಅಲ್ಲಿಂದ ಬೇಲೂರು ಸುಮಾರು 16 ಕಿ.ಮೀ. ಈ ಹಾದಿಯಲ್ಲಿ ಪಯಣಿಗ ಮುಂದೆ ಹೋದಂತೆ ಕಾಲ ಹಿಂದಕ್ಕೆ ಸರಿಯುತ್ತದೆ. ಅರಸೀಕೆರೆಯ ಈಶ್ವರ ದೇವಾಲಯ ಸುಮಾರು 1220ರದು. ಹಳೇಬೀಡಿನ ಹೊಯ್ಸಳೇಶ್ವರದ ಕೆಲಸ ಆರಂಭವಾದದ್ದು 1121ರ ಸುಮಾರಿಗೆ. ವಿಷ್ಣುವರ್ಧನ ಬೇಲೂರಿನಲ್ಲಿ ಚೆನ್ನಕೇಶವನನ್ನು ಪ್ರತಿಷ್ಠಾಪಿಸಿದ್ದು 1117ರಲ್ಲಿ. ಸಂಪ್ರದಾಯದ ನಂತರದ ಘಟ್ಟದಿಂದ ಅದರ ಮೊದಲ ವೈಭವದವರೆಗೆ ಒಂದೇ ದಿನದ ಪ್ರಯಾಣ.

ಆದರೆ ಬಸ್ಸು ಹಿಡಿಯುವ ಗಡಿಬಿಡಿಯಲ್ಲಿ ತಪ್ಪಿಹೋಗುವುದು ಅರಸೀಕೆರೆಯ ಗುಡಿಯೇ. ನಕ್ಷತ್ರಾಕಾರದ ಅದರ ಮುಖಮಂಟಪ ಹೊಯ್ಸಳ ವಾಸ್ತುವಿನಲ್ಲೇ ಅಪರೂಪದ್ದು. 2017ರಲ್ಲಿ ಶ್ರವಣಬೆಳಗೊಳದ ಮೇಲಿನ ಮಾರ್ಗ ಪೂರ್ಣಗೊಂಡು, ಬೆಂಗಳೂರಿನಿಂದ ಹಾಸನಕ್ಕೆ ಹೋಗುವವರು ಅರಸೀಕೆರೆಗೆ ಬರಲೇಬೇಕೆಂಬ ಅಗತ್ಯವೂ ತಪ್ಪಿತು. 2023ರಲ್ಲಿ ಬೇಲೂರು, ಹಳೇಬೀಡು, ಸೋಮನಾಥಪುರಗಳು ಯುನೆಸ್ಕೊದ ವಿಶ್ವಪರಂಪರೆಯ ಪಟ್ಟಿಗೆ ಸೇರಿದವು. ಈ ಗುಡಿ ಹೊರಗೇ ಉಳಿಯಿತು.

ಹೆಸರಾದ ತಾಣಗಳಿಗೆ ಪ್ರವಾಸಿಗರ ಕೊರತೆಯಿಲ್ಲ. ಚಿಕ್ಕ ಊರಿನ ಗುಡಿಯ ಮುಂದೆ ಯಾರಾದರೂ ನಿಲ್ಲಬೇಕಾದರೆ ಅವರ ಪ್ರಯಾಣದಲ್ಲಿ ಬಿಡುವಿರಬೇಕು. ರೈಲಿಗೂ ಬಸ್ಸಿಗೂ ನಡುವೆ ಕಾಯುವ ಹೊತ್ತು ಕೊಡುವುದು ಅದನ್ನೇ.