ಪ್ಲೇಟಿಗೆ ಹಿಡಿಸದ ಸದ್ದು

1923ರ ಏಪ್ರಿಲ್. ಅಮೆರಿಕದ ಇಂಡಿಯಾನಾ ರಾಜ್ಯದ ರಿಚ್ಮಂಡ್ ಊರಿನಲ್ಲಿ, ಜೆನೆಟ್ ಎಂಬ ಗ್ರಾಮಫೋನ್ ಕಂಪನಿಯ ಕೋಣೆಯಲ್ಲಿ, ಶಿಕಾಗೋದಿಂದ ಬಂದ ಕಪ್ಪು ಜನರ ವಾದ್ಯತಂಡವೊಂದು ನಿಂತಿತ್ತು. ತಂಡದ ಯಜಮಾನ ಕಿಂಗ್ ಆಲಿವರ್. ಎರಡನೇ ಕಾರ್ನೆಟ್ ಲೂಯಿ ಆರ್ಮ್‌ಸ್ಟ್ರಾಂಗ್‌ನದು. ಡ್ರಮ್ಮಿಗೆ ವಾರೆನ್ 'ಬೇಬಿ' ಡಾಡ್ಸ್. ರೆಕಾರ್ಡಿಂಗಿಗೆ ಆಗಿನ್ನೂ ಮೈಕು ಬಂದಿರಲಿಲ್ಲ. ದೊಡ್ಡ ಕೊಳವೆಯೊಂದರ ಬಾಯಿಗೆ ನುಡಿಸಬೇಕು, ಆ ಅದುರಿಗೆ ಸೂಜಿ ಮೇಣದ ಮೇಲೆ ಗೆರೆ ಕೊರೆಯಬೇಕು. ದೊಡ್ಡ ಡ್ರಮ್ಮಿನ ಪೆಟ್ಟಿಗೆ ಸೂಜಿ ಎಗರಿಬಿಡುತ್ತಿತ್ತು. ಹಾಗಾಗಿ ಡಾಡ್ಸ್ ಕೈಗೆ ಉಳಿದದ್ದು ಹೆಚ್ಚಾಗಿ ಮರದ ತುಂಡು. ಜಾಜ್‌ನ ಚರಿತ್ರೆ ಬರೆಯುವವರೆಲ್ಲ ಕೈಗೆತ್ತಿಕೊಳ್ಳುವ ಈ ಪ್ಲೇಟುಗಳಲ್ಲಿ ಡ್ರಮ್ಮಿನವನ ಡ್ರಮ್ಮೇ ಹೆಚ್ಚುಕಮ್ಮಿ ಇಲ್ಲ!

ದಲಿತ ವಿಮರ್ಶೆ ಕಿವಿಗೊಡಬೇಕಾದ್ದು ಇಲ್ಲಿಗೆ. ದಾಖಲೆಯಲ್ಲಿಲ್ಲ ಅಂದ ಮಾತ್ರಕ್ಕೆ ಚರಿತ್ರೆಯಲ್ಲಿ ಇರಲಿಲ್ಲ ಅಂತಲ್ಲ. ದಾಖಲೆ ಮಾಡುವ ಯಂತ್ರಕ್ಕೆ ಆ ಪೆಟ್ಟನ್ನು ತಾಳುವ ತಾಕತ್ತು ಇರಲಿಲ್ಲ, ಅಷ್ಟೆ. ಯಂತ್ರದ ಒಡೆಯರ ವಿಚಾರವನ್ನೂ ಮರೆಯಬಾರದು. ಕಪ್ಪು ಜನರ ಸಂಗೀತ ಮಾರಿದ ಇದೇ ಕಂಪನಿ, ದುಡ್ಡು ಕೊಟ್ಟರೆ ಅವರನ್ನು ಸುಡಲು ಹೊರಟ ಕು ಕ್ಲಕ್ಸ್ ಕ್ಲಾನ್‌ನ ಹಾಡುಗಳನ್ನೂ ಅಚ್ಚುಹಾಕಿ ಕೊಡುತ್ತಿತ್ತು.

ಡಾಡ್ಸ್ ಹುಟ್ಟಿದ್ದು ಹತ್ತೊಂಬತ್ತನೇ ಶತಮಾನದ ಕೊನೆಯ ವರ್ಷಗಳಲ್ಲಿ, ನ್ಯೂ ಆರ್ಲಿಯನ್ಸ್‌ನಲ್ಲಿ. ಬಿಳಿಯರಿಗೊಂದು ರೈಲುಡಬ್ಬಿ, ಕರಿಯರಿಗೊಂದು ಎನ್ನುವುದನ್ನು 1896ರಲ್ಲಿ ಸುಪ್ರೀಂ ಕೋರ್ಟು ಎತ್ತಿಹಿಡಿದದ್ದು ಇದೇ ಊರಿನಿಂದ ಹೋದ ಪ್ಲೆಸಿ ಮೊಕದ್ದಮೆಯಲ್ಲಿ. ಡ್ರಮ್ಮು ಕೊಳ್ಳಲು ಕಾಸಿಲ್ಲದ ಹುಡುಗ ಹಂದಿಕೊಬ್ಬಿನ ಖಾಲಿ ಡಬ್ಬಕ್ಕೆ ಮೊಳೆಯಿಂದ ತೂತು ಹೊಡೆದು, ಅವ್ವನ ಕುರ್ಚಿಯ ಅಡ್ಡಕಡ್ಡಿ ಕಿತ್ತು ಬಾರಿಸಿದ. ಆಮೇಲೆ ಕಾರ್ಖಾನೆಯಲ್ಲಿ ದುಡಿದು ಒಂದೊಂದೇ ಸಾಮಾನು ಕೊಂಡು ಡ್ರಮ್ಮು ಕೂಡಿಸಿದ. ಆ ಊರಲ್ಲಿ ಕಪ್ಪು ಜನರ ಒಳಗೇ ಮೇಲುಕೀಳಿತ್ತು. ಮಿಶ್ರರಕ್ತದ, ತಿಳಿಬಣ್ಣದ ಕ್ರಿಯೋಲರು ಸ್ವರಲಿಪಿ ಓದಿ ನುಡಿಸುವವರು. ಕಡುಗಪ್ಪಿನವರನ್ನು ಅವರು ಹತ್ತಿರ ಬಿಟ್ಟುಕೊಳ್ಳುತ್ತಿರಲಿಲ್ಲ. ಬಾಬಾಸಾಹೇಬರು ಹೇಳಿದ ಶ್ರೇಣೀಕೃತ ಅಸಮಾನತೆಯನ್ನು ಓದಿದವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ.

1918ರಿಂದ 1921ರವರೆಗೆ ಡಾಡ್ಸ್ ಮಿಸಿಸಿಪ್ಪಿ ನದಿಯ ವಿಹಾರದ ಹಡಗುಗಳಲ್ಲಿ ಫೇಟ್ ಮರಾಬಲ್ ತಂಡದ ಜೊತೆ ದುಡಿದ. ನುಡಿಸುವವರು ಕರಿಯರು, ಕುಣಿಯುವವರು ಬಿಳಿಯರು. ಸೇಂಟ್ ಲೂಯಿಸ್‌ನಲ್ಲಿ ಸೋಮವಾರ ರಾತ್ರಿ ಮಾತ್ರ ಕಪ್ಪು ಜನಕ್ಕೆ ಹಡಗು ಹತ್ತುವ ಅವಕಾಶ. ಹಡಗಿನ ಮಾಲೀಕರು ತಾವು ಹೇಳಿದ ತಾಳವನ್ನೇ ಬಾರಿಸು ಎಂದಾಗ ಡಾಡ್ಸ್, ಆರ್ಮ್‌ಸ್ಟ್ರಾಂಗ್ ಇಬ್ಬರೂ ಕೆಲಸ ಬಿಟ್ಟು ಇಳಿದರು. 1922ರ ಹೊತ್ತಿಗೆ ಡಾಡ್ಸ್ ಆಲಿವರ್ ತಂಡದಲ್ಲಿದ್ದ.

ಶಿಕಾಗೋದಲ್ಲಿ ಡಾಡ್ಸ್ ಬಾರಿಸುವುದನ್ನು ಕೂತು ಕೇಳಿ ಕಲಿತ ಬಿಳಿ ಹುಡುಗರಲ್ಲಿ ಜೀನ್ ಕ್ರೂಪಾ ಒಬ್ಬ. 1938ರಲ್ಲಿ ಬೆನ್ನಿ ಗುಡ್‌ಮನ್ ತಂಡದೊಂದಿಗೆ ನ್ಯೂಯಾರ್ಕಿನ ಕಾರ್ನೆಗಿ ಹಾಲ್‌ನಲ್ಲಿ ಡ್ರಮ್ಮು ಬಾರಿಸಿ ಕ್ರೂಪಾ ಮನೆಮಾತಾದ. ಆರ್ಥಿಕ ಕುಸಿತದ ಆ ದಶಕದಲ್ಲಿ ಗುರು ಡಾಡ್ಸ್ ಹೊಟ್ಟೆಪಾಡಿಗೆ ಟ್ಯಾಕ್ಸಿಯ ಕೆಲಸವನ್ನೂ ನೆಚ್ಚಿಕೊಂಡಿದ್ದ. ಕ್ರೂಪಾ ತನ್ನ ಋಣವನ್ನು ಬಾಯಿತುಂಬ ಒಪ್ಪಿಕೊಂಡವನು. ಅವನನ್ನು ದೂರಿ ಫಲವಿಲ್ಲ. ಒಬ್ಬ ಒಳ್ಳೆಯ ಮನುಷ್ಯನ ಕೃತಜ್ಞತೆಯಿಂದ ವ್ಯವಸ್ಥೆ ಬದಲಾಗುವುದಿಲ್ಲ ಅನ್ನುವುದಷ್ಟೇ ಇಲ್ಲಿನ ಪಾಠ.

1946ರಲ್ಲಿ ಡಾಡ್ಸ್‌ಗೆ ಕೊನೆಗೂ ಮೈಕು ಸಿಕ್ಕಿತು. ಆ ರೆಕಾರ್ಡಿಂಗಿನಲ್ಲಿ ಆತ ಡ್ರಮ್ಮು ಬಾರಿಸಿದ್ದೂ ಅಲ್ಲದೆ, ಯಾವ ಪೆಟ್ಟು ಯಾಕೆ, ಯಾವ ವಾದ್ಯದ ಬೆನ್ನಿಗೆ ಹೇಗೆ ನಿಲ್ಲಬೇಕು ಅಂತ ತನ್ನ ಬಾಯಿಂದಲೇ ವಿವರಿಸಿದ. ಅಂದರೆ ಬರೀ ಸದ್ದು ಮಾಡುವವನಲ್ಲ, ಮೀಮಾಂಸಕನೂ ಹೌದು ಎಂದು ಸಾಬೀತು ಮಾಡಿದ. ಅದೇ 1946ರಲ್ಲಿ ಅಂಬೇಡ್ಕರ್, ಕಪ್ಪು ಜನ ವಿಶ್ವಸಂಸ್ಥೆಗೆ ಕೊಟ್ಟ ಅರ್ಜಿಯ ಪ್ರತಿ ಬೇಕೆಂದು ಡು ಬಾಯ್ಸ್‌ಗೆ ಕಾಗದ ಬರೆದಿದ್ದರು. ಡಾಡ್ಸ್ ಹೇಳಿದ ಆತ್ಮಕತೆಯನ್ನು ಬರೆದುಕೊಂಡವನು ಲ್ಯಾರಿ ಗಾರಾ. ಗುಲಾಮರು ತಪ್ಪಿಸಿಕೊಂಡ ಕತೆಯಲ್ಲಿ ಗುಲಾಮರ ಸ್ವಂತ ಪಾತ್ರವನ್ನೇ ಮರೆತಿದ್ದಾರೆ ಎಂದು 1961ರಲ್ಲಿ ವಾದಿಸಿದ ಚರಿತ್ರಕಾರ ಈತನೇ. ಆತ್ಮಕತೆ ಪ್ರಕಟವಾದದ್ದು 1959ರಲ್ಲಿ. ಅದೇ ವರ್ಷದ ಫೆಬ್ರವರಿ 14ರಂದು ಡಾಡ್ಸ್ ತೀರಿಕೊಂಡ.

ಡಾಡ್ಸ್ ಡ್ರಮ್ಮೂ ನಮ್ಮ ತಮಟೆಯೂ ಒಂದೇ ಅಂದುಬಿಡುವುದು ಸುಲಭ. ಆದರೆ ಒಂದಲ್ಲ. ಡಾಡ್ಸ್ ಡ್ರಮ್ಮನ್ನು ಬಯಸಿ, ದುಡಿದು ಪಡೆದ. ನಮ್ಮ ಕೇರಿಯವನ ಹೆಗಲಿಗೆ ತಮಟೆಯನ್ನು ಹುಟ್ಟೇ ನೇತುಹಾಕಿತು. ಊರ ಹಬ್ಬಕ್ಕೂ ಬಾರಿಸಬೇಕು, ಸಾವಿಗೂ ಬಾರಿಸಬೇಕು, ಗುಡಿಯ ಹೊರಗೇ ನಿಲ್ಲಬೇಕು. ಅದಕ್ಕೇ 'ಇನ್ನು ಬಾರಿಸಲ್ಲ' ಅಂದ ಹುಡುಗರೂ ನಮ್ಮವರೇ. ಅದೇ ತಮಟೆಯನ್ನು ದಲಿತ ಸಂಘರ್ಷ ಸಮಿತಿಯ ಜಾಥಾಗಳ ಮುಂದೆ ನಿಂತು ಬಾರಿಸಿದವರೂ ನಮ್ಮವರೇ. ಎರಡೂ ವಿಮೋಚನೆಯೇ. ಯಾಕೆಂದರೆ ಎರಡರಲ್ಲೂ ಬಾರಿಸಬೇಕೋ ಬೇಡವೋ ಅನ್ನುವ ತೀರ್ಮಾನ ಬಾರಿಸುವವನದೇ.

2023ರಲ್ಲಿ ಪಿಂಡಿಪಾಪನಹಳ್ಳಿಯ ಮುನಿವೆಂಕಟಪ್ಪನವರ ತಮಟೆಗೆ ಪದ್ಮಶ್ರೀ ಬಂತು. ಸಂತೋಷವೇ. ಆದರೆ ಮದುವೆಯ ಪೆಟ್ಟು ಯಾವುದು, ಮಣ್ಣಿನ ಪೆಟ್ಟು ಯಾವುದು, ಚರ್ಮ ಕಾಯಿಸುವಾಗ ಕಿವಿ ಏನನ್ನು ಹುಡುಕುತ್ತದೆ — ಇದನ್ನೆಲ್ಲ ನಮ್ಮ ಅಪ್ಪಂದಿರ ಬಾಯಿಂದ ಎಷ್ಟು ಮಂದಿ ಕೇಳಿ ಬರೆದುಕೊಂಡಿದ್ದೇವೆ? ಈಗ ಸೂಜಿ ಎಗರುವ ಯಂತ್ರವಿಲ್ಲ, ನೆಪವೂ ಇಲ್ಲ.