ಗರಿಕೆಯ ಹಸಿರು, ಮಳೆಯ ಲೆಕ್ಕ

ಮಂಚೇನಹಳ್ಳಿಯಿಂದ ಶಿಡ್ಲಘಟ್ಟದವರೆಗೆ ಹೊಲದಲ್ಲಿ ಗರಿಕೆ ಕಂಡರೆ ರೈತರು ಬೇರುಸಹಿತ ಕಿತ್ತು ಬದುವಿನಾಚೆ ಎಸೆಯುತ್ತಾರೆ. ಅದೇ ಗರಿಕೆಯ ಕುಲದ ಹುಲ್ಲನ್ನು ಗಾಲ್ಫ್ ಮೈದಾನಗಳಲ್ಲಿ ಮಿಲಿಮೀಟರ್ ಅಳೆದು ಸಾಕುತ್ತಾರೆ. ನಂದಿಬೆಟ್ಟದ ತಪ್ಪಲಿಗೂ ಈ ಆಟ ಬಂದಿರುವುದರಿಂದ, ಹುಲ್ಲು ಕಾಯುವ ವಿದ್ಯೆ ಹೇಗೆ ಬೆಳೆಯಿತು, ಮುಂದೆ ಯಾವ ದಾರಿ ಹಿಡಿಯಬೇಕು ಎಂಬುದು ನಮ್ಮ ಚಿಕ್ಕಬಳ್ಳಾಪುರ ಜಿಲ್ಲೆಗೂ ಸೇರಿದ ಪ್ರಶ್ನೆ.

ಬೆಂಗಳೂರು ಗಾಲ್ಫ್ ಕ್ಲಬ್ ಹುಟ್ಟಿದ್ದು 1876ರಲ್ಲಿ. ಆ ಕಾಲದಲ್ಲಿ ನೀರು ಸಾಲದ ಭಾರತದ ಹಲವು ಮೈದಾನಗಳಲ್ಲಿ ಗುಳಿಯ ಸುತ್ತ ಹುಲ್ಲೇ ಇರುತ್ತಿರಲಿಲ್ಲ. ಮರಳಿಗೆ ಎಣ್ಣೆ ಬೆರೆಸಿ ಸಮತಟ್ಟು ಮಾಡಿದ ‘ಬ್ರೌನ್’ಗಳ ಮೇಲೆ ಚೆಂಡು ಉರುಳುತ್ತಿತ್ತು. ಉಳಿದ ಮೈದಾನ ಮಳೆ ಬಂದರೆ ಹಸಿರು, ಹೋದರೆ ಕಂದು.

ಈ ಸ್ಥಿತಿ ಬದಲಾಗಲು ಅಮೆರಿಕದ ಎರಡು ಕೆಲಸಗಳು ನೆರವಾದವು. ಜಾರ್ಜಿಯಾದ ಟಿಫ್ಟನ್‌ನಲ್ಲಿ ಗ್ಲೆನ್ ಬರ್ಟನ್ ನಮ್ಮ ಗರಿಕೆಯನ್ನು ಅದರ ಆಫ್ರಿಕದ ಬಂಧುವಿನೊಂದಿಗೆ ಬೆರೆಸಿ ಕುಳ್ಳನೆಯ, ದಟ್ಟವಾದ ತಳಿಗಳನ್ನು ಕೊಟ್ಟರು: 1956ರಲ್ಲಿ ಟಿಫ್‌ಗ್ರೀನ್, 1965ರಲ್ಲಿ ಟಿಫ್‌ಡ್ವಾರ್ಫ್. ಇವು ಬೀಜ ಕಟ್ಟುವುದಿಲ್ಲ, ಹಬ್ಬುವ ಕಾಂಡದ ತುಂಡುಗಳನ್ನೇ ನೆಡಬೇಕು. ಅಲ್ಲಿನ ಗಾಲ್ಫ್ ಸಂಘ 1960ರಲ್ಲಿ ಗ್ರೀನ್, ಅಂದರೆ ಗುಳಿಯ ಸುತ್ತಲಿನ ನುಣುಪು ಹುಲ್ಲುಹಾಸು, ಕಟ್ಟುವ ಕ್ರಮ ಪ್ರಕಟಿಸಿತು: ಕೆಳಗೆ ಜಲ್ಲಿ, ಮೇಲೆ ಸುಮಾರು 30 ಸೆಂಟಿಮೀಟರ್ ಮರಳು ಪ್ರಧಾನ ಮಿಶ್ರಣ. ಹೆಚ್ಚಾದ ನೀರು ಬಸಿದುಹೋಗುತ್ತದೆ, ಬೇರಿಗೆ ಬೇಕಾದಷ್ಟು ಉಳಿಯುತ್ತದೆ. ಮುಂದೆ ಬೆಂಗಳೂರಿನ ಚಲ್ಲಘಟ್ಟದ ಕೆರೆಯಂಗಳದಲ್ಲಿ ಪೀಟರ್ ಥಾಮ್ಸನ್ ವಿನ್ಯಾಸದ ಕರ್ನಾಟಕ ಗಾಲ್ಫ್ ಅಸೋಸಿಯೇಷನ್ ಮೈದಾನ ಎದ್ದಿತು. ನಂದಿಯ ಬುಡದಲ್ಲಿ ಪಿ.ಬಿ. ಡೈ ವಿನ್ಯಾಸಗೊಳಿಸಿದ ಪ್ರೆಸ್ಟೀಜ್ ಗಾಲ್ಫ್‌ಶೈರ್ ಬಂತು.

ತಳಿ, ಯಂತ್ರ ಹೊರಗಿನಿಂದ ಬಂದರೂ ಕೆಲಸದ ಪಂಚಾಂಗವನ್ನು ಇಲ್ಲಿನ ಹವೆಯೇ ಬರೆಯಬೇಕು. ಮಾರ್ಚ್‌ನಿಂದ ಮೇವರೆಗಿನ ಬಿಸಿಲಿನಲ್ಲಿ ಗರಿಕೆ ಹಿಗ್ಗುತ್ತದೆ. ಗ್ರೀನಿಗೆ ಟೊಳ್ಳು ಮೊಳೆ ಚುಚ್ಚಿ ಮಣ್ಣಿನ ಕಡ್ಡಿಗಳನ್ನು ತೆಗೆದು ಮರಳು ತುಂಬಲು ಇದೇ ಸಮಯ. ಹುಲ್ಲು ಚುರುಕಾಗಿ ಬೆಳೆಯುವುದರಿಂದ ಗಾಯ ಬೇಗ ಮಾಯುತ್ತದೆ.

ಮುಂಗಾರಿನ ಮೋಡ ಬೆಳಕನ್ನು ಕಸಿಯುತ್ತದೆ. ಆಗ ಕತ್ತರಿಸುವ ಎತ್ತರವನ್ನು ತುಸು ಏರಿಸಿ ಸಾರಜನಕವನ್ನು ಕೈ ಬಿಗಿಹಿಡಿದು ಕೊಡಬೇಕು. ಮೆತ್ತಗೆ ಕೊಬ್ಬಿದ ಎಲೆಗೆ ಶಿಲೀಂಧ್ರ ಬೇಗ ಹತ್ತುತ್ತದೆ. ಮೊದಲ ಮಳೆಗೆ ಹೊರಬರುವ ದುಂಬಿಗಳ ಮರಿಗಳಾದ ಗೊಣ್ಣೆ ಹುಳುಗಳು ನೆಲಗಡಲೆಯ ಬೇರು ತಿನ್ನುವಂತೆಯೇ ಇಲ್ಲೂ ತಿನ್ನುತ್ತವೆ. ಹಿಡಿದೆಳೆದರೆ ಹುಲ್ಲು ಚಾಪೆಯಂತೆ ಎದ್ದು ಬರುತ್ತದೆ. ಸೆಪ್ಟೆಂಬರ್–ಅಕ್ಟೋಬರ್‌ನ ಜೋರು ಮಳೆ ಬಸಿಗಾಲುವೆಗಳ ಪರೀಕ್ಷೆ. ಹೊಸ ಗುಳಿ ತೋಡಿದಾಗ ಬರುವ 108 ಮಿಲಿಮೀಟರ್ ಅಗಲದ ಮಣ್ಣಿನ ಉಂಡೆಯನ್ನು ಅನುಭವಿ ಮೇಲ್ವಿಚಾರಕರು ಮೂಸಿ ನೋಡುತ್ತಾರೆ. ಕಪ್ಪು ಪದರವಿದ್ದು ಕೊಳೆತ ಮೊಟ್ಟೆಯ ವಾಸನೆ ಬಂದರೆ ಬೇರಿಗೆ ಗಾಳಿ ಸಿಗುತ್ತಿಲ್ಲ ಎಂದರ್ಥ.

ಡಿಸೆಂಬರ್–ಜನವರಿಯ ಚಳಿಗೆ ಬೆಳವಣಿಗೆ ನಿಧಾನವಾಗುತ್ತದೆ. ಅದಕ್ಕೆ ಮೊದಲೇ ಪೊಟ್ಯಾಷ್ ಕೊಟ್ಟಿರಬೇಕು. ಬೆಳಗಿನ ಜಾವ ಉದ್ದನೆಯ ಬಿದಿರು ಗಳುವನ್ನು ಗ್ರೀನಿನ ಮೇಲೆ ಅತ್ತಿಂದಿತ್ತ ಬೀಸಿ ಇಬ್ಬನಿ ಉದುರಿಸುವುದು ಹಳೆಯ ಪದ್ಧತಿ. ಎಲೆ ಬೇಗ ಒಣಗಿದಷ್ಟೂ ರೋಗ ಕಡಿಮೆ, ಔಷಧಿಯ ಖರ್ಚೂ ಕಡಿಮೆ.

ಈಗಿನ ಹಂತ ನೀರಿನದು. ನದಿಯ ಆಸರೆಯಿಲ್ಲದ, ಕೊಳವೆಬಾವಿಗಳು ಆಳಕ್ಕಿಳಿದ ಚಿಕ್ಕಬಳ್ಳಾಪುರದಲ್ಲಿ ಅಂತರ್ಜಲವನ್ನು ಆಟದ ಹುಲ್ಲಿಗೆ ಹರಿಸುವುದು ನ್ಯಾಯವಲ್ಲ. ಹೆಬ್ಬಾಳ–ನಾಗವಾರ ಕಣಿವೆ ಯೋಜನೆ ಬೆಂಗಳೂರಿನ ಸಂಸ್ಕರಿಸಿದ ನೀರನ್ನು ಈ ಕಡೆಯ ಕೆರೆಗಳಿಗೆ ತಂದಿದೆ. 2024ರ ಬರದಲ್ಲಿ ಚಿನ್ನಸ್ವಾಮಿ ಕ್ರೀಡಾಂಗಣದ ಹುಲ್ಲಿಗೂ ಸಂಸ್ಕರಿಸಿದ ನೀರನ್ನೇ ಕೊಟ್ಟರು. ಇಂಥ ನೀರಿನಲ್ಲಿ ಸೋಡಿಯಂ ಹೆಚ್ಚಿದ್ದರೆ ಜೇಡಿಮಣ್ಣು ಬಿಗಿಯುತ್ತದೆ, ಜಿಪ್ಸಂ ಹಾಕಿ ತೊಳೆಯಬೇಕಾಗುತ್ತದೆ. ಉಪ್ಪು ತಾಳುವ ಪಾಸ್ಪಲಂ ಹುಲ್ಲು ಇನ್ನೊಂದು ದಾರಿ.

ಆಟ ನಡೆಯದ ಅಂಚುಗಳನ್ನು ಬೇಸಿಗೆಯಲ್ಲಿ ಕಂದಾಗಲು ಬಿಟ್ಟರೆ ಮೈದಾನಕ್ಕೆ ಕುಂದಿಲ್ಲ. ಗರಿಕೆ ಮೊದಲ ಮಳೆಗೆ ಮತ್ತೆ ಚಿಗುರುತ್ತದೆ. ವರ್ಷವಿಡೀ ಒಂದೇ ಹಸಿರು ಬೇಕೆಂಬ ಹಟ ಬಿಟ್ಟು, ಋತುವಿಗೆ ತಕ್ಕ ಹಸಿರನ್ನು ಆಟಗಾರರೂ ಒಪ್ಪಿಕೊಂಡರೆ ಈ ಬರದ ನೆಲದಲ್ಲಿ ಗಾಲ್ಫ್ ಉಳಿಯಲು ಹಕ್ಕು ಪಡೆಯುತ್ತದೆ.